ಝಿವೇಲಾ ಅಂದರೆ ಏನರ್ಥ?

ನಮ್ಮಪ್ಪ ಬಣ್ಣದ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ ಎಂದರೆ ಜನ ತಕ್ಷಣ ಅವರ ಉಗುರಿನ ಕಡೆ ನೋಡುತ್ತಾರೆ. ಉಗುರು ಸ್ವಚ್ಛವಾಗಿಯೇ ಇರುತ್ತದೆ. ಅಪ್ಪ ಬಣ್ಣ ಕಲಸುವವರಲ್ಲ, ಬಳಿಯುವವರಲ್ಲ, ಮಾರುವವರೂ ಅಲ್ಲ. ಅವರು ಬಣ್ಣಗಳಿಗೆ ಹೆಸರಿಡುತ್ತಾರೆ. ಗೋಡೆಗೆ ಬಣ್ಣ ಆರಿಸಲು ಅಂಗಡಿಯವರು ಕೈಗೆ ಕೊಡುತ್ತಾರಲ್ಲ, ಸಣ್ಣ ಸಣ್ಣ ಚೌಕಗಳಿರುವ ಶೇಡ್ ಕಾರ್ಡ್, ಅದರ ಒಂದೊಂದು ಚೌಕದ ಕೆಳಗೂ ಒಂದು ಹೆಸರಿರುತ್ತದೆ. ಅದನ್ನು ಯಾರೋ ಒಬ್ಬರು ಕೂತು ಯೋಚಿಸಿರುತ್ತಾರೆ ಎಂದು ಯಾರಿಗೂ ಹೊಳೆಯುವುದಿಲ್ಲ. ಆ ಯಾರೋ ಒಬ್ಬರು ನಮ್ಮಪ್ಪ.

ಅಪ್ಪನಿಗೆ ಕಂದು ಎಂದರೆ ಕಂದಲ್ಲ, ‘ಮಳೆ ನಿಂತ ಮೇಲಿನ ಮಣ್ಣು’. ಹಳದಿ ಎಂದರೆ ‘ಬಾಗಿಲ ಸಂದಿಯ ಬಿಸಿಲು’. ಇಷ್ಟು ಯೋಚಿಸಿದ ಮೇಲೆ ಮನೆಗೆ ಬಂದಾಗ ಅವರಲ್ಲಿ ಯೋಚನೆ ಉಳಿದಿರುವುದಿಲ್ಲವಾದ್ದರಿಂದ ಚಪ್ಪಲಿಯನ್ನು ಫ್ರಿಜ್ಜಿನ ಮೇಲೆ ಬಿಟ್ಟು, ಕನ್ನಡಕವನ್ನು ಚಪ್ಪಲಿ ಗೂಡಿನಲ್ಲಿಟ್ಟು ಕೂರುತ್ತಾರೆ.

ಹೀಗಿದ್ದ ಅಪ್ಪನ ಕೆಲಸಕ್ಕೆ ಕುತ್ತು ಬಂದದ್ದು ಚಿಕ್ಕ ಯಜಮಾನರಿಂದ. ಅವರು ಯಜಮಾನರ ಒಬ್ಬನೇ ಮಗ. ಹೊಸದಾಗಿ ಕಂಪನಿಯ ಖರ್ಚುವೆಚ್ಚ ನೋಡಿಕೊಳ್ಳಲು ಬಂದಿದ್ದರು. ಬಂದವರೇ ಅಪ್ಪನ ಮೇಜಿನ ಮುಂದೆ ನಿಂತು ಕೇಳಿದರು.

“ನಂಬರ್ ಇದೆಯಲ್ರೀ, ಮೇಲೊಂದು ಹೆಸರು ಯಾಕೆ? ಕರೆದರೆ ಗೋಡೆ ಓ ಅನ್ನುತ್ತಾ?”

ಅಪ್ಪ ಇದನ್ನು ನಿಜವಾದ ಪ್ರಶ್ನೆ ಎಂದುಕೊಂಡು ಸ್ವಲ್ಪ ಹೊತ್ತು ಯೋಚಿಸಿ, “ಅನ್ನೋದಿಲ್ಲ ಸಾರ್” ಎಂದರು. ಮುಂದಿನ ಕಾರ್ಡಿನಿಂದ ಬರೀ ನಂಬರು ಎಂದು ಅಲ್ಲಿಗೆ ತೀರ್ಮಾನವಾದಂತೆಯೇ. ಯಜಮಾನರು ಒಪ್ಪಿಗೆ ಕೊಡುವುದೊಂದು ಬಾಕಿ.

“ಓ ಅನ್ನುತ್ತೆ ಅಂತ ಒಂದು ಸುಳ್ಳು ಹೇಳೋಕೆ ನಿಮಗೇನು ಧಾಡಿಯಾಗಿತ್ತು?” ಎಂದಳು ಅಮ್ಮ. “ಈ ವಯಸ್ಸಲ್ಲಿ ಬೇರೆ ಯಾವ ಕೆಲಸ ಬರುತ್ತೆ ನಿಮಗೆ?”

“ಕೈಬರಹ ಚೆನ್ನಾಗಿದೆ” ಎಂದರು ಅಪ್ಪ.

ಮನೆ ನಡೆಯುತ್ತಿದ್ದುದು ಅಪ್ಪನ ಸಂಬಳದಿಂದ. ನನ್ನದು ಪದವಿ ಮುಗಿದಿತ್ತು, ಆದರೆ ಸಂದರ್ಶನಕ್ಕೆ ಹೋದರೆ ನನ್ನ ದನಿ ಮೇಜಿನ ಆಚೆ ಬದಿಗೆ ತಲುಪುತ್ತಿರಲಿಲ್ಲ. ಹಾಗಾಗಿ ಯಜಮಾನರ ಮನೆಯಿಂದ ನಮ್ಮ ಮೂವರಿಗೂ ಊಟಕ್ಕೆ ಕರೆ ಬಂದಾಗ ಅಮ್ಮ ಅಪ್ಪನ ಶರ್ಟಿಗೆ ತಾನೇ ಗುಂಡಿ ಹಾಕುತ್ತಾ ಹೇಳಿದಳು. “ನೋಡಿ, ಹೇಗಾದರೂ ಅವರ ಮನಸ್ಸು ಗೆಲ್ಲಿ. ಅವರು ಏನು ಕೇಳಿದರೂ ಇಲ್ಲ ಅನ್ನಬೇಡಿ, ಗೊತ್ತಿಲ್ಲ ಅಂತೂ ಅನ್ನಲೇಬೇಡಿ.”

ಮುಂದೆ ನಡೆದದ್ದಕ್ಕೆಲ್ಲ ಈ ಮಾತೇ ಕಾರಣ ಎಂದು ಅಪ್ಪ ಇಂದಿಗೂ ವಾದಿಸುತ್ತಾರೆ.

ಊಟ ಯಜಮಾನರ ಮೊಮ್ಮಗಳಿಗೆ ಹೆಸರಿಟ್ಟ ಸಂತೋಷಕ್ಕೆ. ಉದ್ದದ ಹಜಾರ, ಎರಡು ಸಾಲು ಮೇಜು, ಕಂಪನಿಯವರು ಒಂದು ಕಡೆ, ನೆಂಟರು ಒಂದು ಕಡೆ. ನಾನು ಕಂಬದ ಮರೆಯ ಕುರ್ಚಿಯೊಂದನ್ನು ಹುಡುಕಿಕೊಂಡಿದ್ದೆ. ಚಿಕ್ಕ ಯಜಮಾನರ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದು ನಿಂತಾಗ ಯಜಮಾನರು ಗಂಟಲು ಸರಿಮಾಡಿಕೊಂಡು ಸಾರಿದರು. “ನನ್ನ ಮೊಮ್ಮಗಳ ಹೆಸರು ಝಿವೇಲಾ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಹೆಸರನ್ನು ಒಂದೊಂದು ಸಲ ಬಾಯಲ್ಲಿ ಹೊರಳಿಸಿ ನೋಡಿದರು. ಯಾರ ನಾಲಿಗೆಗೂ ಅದು ಒಗ್ಗಲಿಲ್ಲ. ಕೊನೆಗೆ ಯಜಮಾನರ ಹೆಂಡತಿಯೇ, ಕಂಪನಿಯಲ್ಲಿ ಎಲ್ಲರೂ ದೊಡ್ಡಮ್ಮನವರು ಎಂದು ಕರೆಯುವವರು, ಸೊಸೆಯತ್ತ ತಿರುಗಿದರು.

“ಹೆಸರೇನೋ ನೀನೇ ಆರಿಸಿದೆ, ಚೆನ್ನಾಗಿದೆ. ಅರ್ಥ ಏನಮ್ಮಾ ಇದಕ್ಕೆ?”

ಸೊಸೆಯ ಮುಖ ಸುಣ್ಣ ಬಳಿದ ಹಾಗಾಯಿತು. ಮಗುವಿನ ಟೋಪಿ ಸರಿಮಾಡಿದಳು. ಟೋಪಿ ಸರಿಯಾಗಿಯೇ ಇತ್ತು. ಮರ್ಯಾದೆ ಹೋಗುವ ಹೊತ್ತು ಬಂದದ್ದನ್ನು ಕಂಡ ಯಜಮಾನರು ಸುತ್ತ ನೋಡಿ, ಬಾಯಿ ತುಂಬ ಸಿಹಿ ತುಂಬಿಕೊಂಡಿದ್ದ ಅಪ್ಪನನ್ನು ಹಿಡಿದರು.

“ಏನ್ರೀ, ಹೆಸರಿಡೋದೇ ನಿಮ್ಮ ಕಸುಬಲ್ವಾ? ನೀವೇ ಹೇಳಿ, ಝಿವೇಲಾ ಅಂದರೆ ಏನು?”

ಅಪ್ಪ ಸಿಹಿಯನ್ನು ಇಡಿಯಾಗಿ ನುಂಗಿದರು. ಅದು ಗಂಟಲಿನಿಂದ ಇಳಿಯುವುದು ಹೊರಗಿನಿಂದಲೇ ಕಾಣಿಸಿತು. ಗೊತ್ತಿಲ್ಲ ಅನ್ನುವಂತಿಲ್ಲ. ಗಾಬರಿಯಾದಾಗ ಅಪ್ಪನ ತಲೆಯಲ್ಲಿ ಇರುವುದು ಒಂದೇ.

“ನೀರ ಮೇಲೆ ಉಳಿದ ಬೆಳಕು” ಎಂದರು.

ಇಡೀ ಹಜಾರ ‘ಆಹಾ’ ಎಂದಿತು. ಒಬ್ಬಾಕೆ ಕಣ್ಣೊರೆಸಿಕೊಂಡರು. ನಾನು ಮಾತ್ರ ಕುರ್ಚಿಯನ್ನು ಕಂಬದ ಮರೆಗೆ ಇನ್ನಷ್ಟು ಸರಿಸಿಕೊಂಡೆ. ನೀರ ಮೇಲೆ ಉಳಿದ ಬೆಳಕು ಎಂದರೆ ಇನ್ನೂರ ಹದಿನಾಲ್ಕನೆಯ ಬಣ್ಣ, ತಿಳಿ ಬೂದು, ಕಾಂಪೌಂಡಿಗೂ ಹೊರಗೋಡೆಗೂ ಬಳಿಯುವಂಥದ್ದು.

“ಯಾವ ಭಾಷೇದು?” ಯಾರೋ ಕೇಳಿದರು.

“ಹಳೇದು” ಎಂದರು ಅಪ್ಪ. “ತುಂಬಾ ಹಳೇದು.”

ಸೊಸೆ ಅಪ್ಪನನ್ನು ನೋಡಿದ ರೀತಿ ನನಗೆ ನೆನಪಿದೆ. ಮುಳುಗುತ್ತಿರುವವರು ದೋಣಿಯನ್ನು ಹಾಗೆ ನೋಡುತ್ತಾರೆ. ಇನ್ನು ಯಜಮಾನರು ಅಪ್ಪನ ಬೆನ್ನು ತಟ್ಟಿ, ಮಗನಿಗೆ ಕೇಳುವಂತೆ, “ಇಂಥವರನ್ನ ತೆಗೆದು ನಂಬರ್ ಹಾಕ್ತೀನಿ ಅಂತೀಯಲ್ಲೋ” ಎಂದರು. ಅಮ್ಮನ ಮುಖ ಅರಳಿತು. ಆಕೆಗೆ ಅಪ್ಪ ಏನು ಹೇಳಿದರು ಎಂಬುದು ಆಗಿನ್ನೂ ಅರ್ಥವಾಗಿರಲಿಲ್ಲ.

ಸುದ್ದಿ ನಮಗಿಂತ ಮೊದಲೇ ನಮ್ಮ ಕಟ್ಟಡ ತಲುಪಿತ್ತು. ಮಾರನೆಯ ಬೆಳಿಗ್ಗೆ ಅಪ್ಪ ಇನ್ನೂ ಹಲ್ಲುಜ್ಜುತ್ತಿರುವಾಗಲೇ ಕೆಳಮನೆಯ ದರ್ಜಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

“ಅಣ್ಣಾ, ಇಷ್ಟು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದರೂ ನಿಮಗೆ ಇಷ್ಟೆಲ್ಲ ಗೊತ್ತು ಅಂತ ಗೊತ್ತಿರಲಿಲ್ಲ. ನನ್ನ ಹೆಸರಿಗೂ ಒಂದು ಅರ್ಥ ಹೇಳಿಬಿಡಿ.”

ಅಪ್ಪ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ತಪ್ಪಿಸಿಕೊಳ್ಳಲು ನೋಡಿದರು. ಆಗಲಿಲ್ಲ. “ಮುಂಜಾನೆಯ ಕೆಂಡ” ಎಂದರು. ನೂರ ಎಂಟನೆಯ ಬಣ್ಣ, ಎರಡು ಕೋಟು ಬೇಕು.

ಅಂದು ಮಧ್ಯಾಹ್ನ ದರ್ಜಿ ಟೇಪು ಕೊರಳಲ್ಲಿ ಹಾಕಿಕೊಂಡೇ ಮೇಲೆ ಓಡಿ ಬಂದ.

“ಏನು ಸಾರ್ ಮಾಡಿದ್ರಿ? ತಿಂಡಿ ತಡ ಆಯ್ತಲ್ಲೇ ಅಂದಿದ್ದಕ್ಕೆ, ನಾನು ಕೆಂಡ, ದೂರ ಇರಿ, ಸುಟ್ಟೀನು ಅಂತಾಳೆ. ನಿನ್ನೆವರೆಗೂ ಚೆನ್ನಾಗಿದ್ದಳು. ಸ್ವಲ್ಪ ತಣ್ಣಗಿರೋ ಅರ್ಥ ಯಾವುದೂ ಸಿಗಲಿಲ್ವಾ ನಿಮಗೆ?”

“ಬಾಯಿಗೆ ಬಂದದ್ದು ಅದೇ” ಎಂದರು ಅಪ್ಪ, ಪ್ರಾಮಾಣಿಕವಾಗಿ.

ಅದಾದ ಮೇಲೆ ಹೆಂಗಸರು ಸಾಲಾಗಿ ಬಂದರು. ನಾನು ಚಹಾ ಕೊಟ್ಟು ಕೊಟ್ಟು ಒಳಗೆ ಓಡುತ್ತಿದ್ದೆ. ಅಪ್ಪನಿಗೆ ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲ, ಯಾರಿಗೆ ಏನು ಹೇಳಿದೆ ಎಂಬ ನೆನಪೂ ಇರುವುದಿಲ್ಲ. ಹಾಗಾಗಿ ಎದುರುಮನೆಯ ಔಷಧಿ ಅಂಗಡಿಯವರ ಹೆಂಡತಿ ಬಂದು ತಮ್ಮ ಹೆಸರು ಹೇಳಿದಾಗ, ಅದು ಕೆಳಮನೆಯ ದರ್ಜಿಯ ಹೆಂಡತಿಯ ಹೆಸರೇ ಎಂಬುದು ಅವರಿಗೆ ಹೊಳೆಯಲಿಲ್ಲ. “ಒದ್ದೆ ಮರಳು” ಎಂದುಬಿಟ್ಟರು.

ಒಂದೇ ಹೆಸರಿನ ಇಬ್ಬರೂ ನೀರಿನ ಪಂಪಿನ ಹತ್ತಿರ ಭೇಟಿಯಾದರು. ಸಂಜೆ ಇಬ್ಬರೂ ನಮ್ಮ ಮನೆಯಲ್ಲಿದ್ದರು.

“ಅವಳಿಗೆ ಕೆಂಡ, ನನಗೆ ಮರಳಾ?” ಔಷಧಿ ಅಂಗಡಿಯವರ ಹೆಂಡತಿಯ ದನಿ ತಾರಕಕ್ಕೇರಿತ್ತು. “ಅದೂ ಒದ್ದೆ ಬೇರೆ! ನಾನೇನು ನಿಮ್ಮ ಗಂಟು ತಿಂದಿದ್ದೆ?”

“ಹೆಸರು ಒಂದೇ ಆದರೆ ಅರ್ಥ ಒಂದೇ ಇರಬೇಕು ತಾನೇ ಅಣ್ಣಾ? ಇದ್ದರೆ ಕೆಂಡ ಇರಲಿ. ಮರಳು ನನಗೆ ಬೇಡಪ್ಪ” ಎಂದರು ದರ್ಜಿಯ ಹೆಂಡತಿ.

ಅಪ್ಪ ಕಕ್ಕಾಬಿಕ್ಕಿಯಾಗಿ ಗೋಡೆ ನೋಡಿದರು. ಗೋಡೆ ನೋಡಿದಾಗ ಅವರಿಗೆ ಧೈರ್ಯ ಬರುತ್ತದೆ.

“ನೋಡೀಮ್ಮಾ, ಬೆಳಕು ಯಾವ ಕಡೆಯಿಂದ ಬೀಳುತ್ತೆ ಅನ್ನೋದು ಮುಖ್ಯ. ಬಿಸಿಲು ಬೀಳೋ ಗೋಡೆ ಮೇಲೆ ಒಂಥರಾ ಕಾಣುತ್ತೆ, ನೆರಳಿನ ಗೋಡೆ ಮೇಲೆ ಇನ್ನೊಂಥರಾ. ವಸ್ತು ಒಂದೇ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಪ್ಪ ಏನು ಹೇಳಿದರು ಎಂದು ಇಬ್ಬರಿಗೂ ತಿಳಿಯಲಿಲ್ಲ, ಅಪ್ಪನಿಗೂ ತಿಳಿದಿರಲಿಲ್ಲ. ಆದರೆ ಅದು ಎಷ್ಟು ದೊಡ್ಡ ಮಾತಿನಂತೆ ಕೇಳಿಸಿತೆಂದರೆ, ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಔಷಧಿ ಅಂಗಡಿಯವರ ಹೆಂಡತಿ ಮನೆಗೆ ಹೋಗಿ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿದರಂತೆ, ಬೆಳಿಗ್ಗೆ ಎದ್ದಾಗ ತಾನೂ ಸ್ವಲ್ಪ ಕೆಂಡವಾಗಿರಲಿ ಎಂದು.

ಆ ವಾರ ಒಂದು ಫೋನೂ ಬಂತು. ದೊಡ್ಡಮ್ಮನವರದು. “ನಮ್ಮವರಿಗೆ ಹೇಳಬೇಡಿ. ನನ್ನ ಹೆಸರಿಗೇನಾದರೂ ಇದ್ದರೆ ನೋಡಿ ಹೇಳಿ. ನಲವತ್ತು ವರ್ಷದಿಂದ ಆ ಮನುಷ್ಯ ನನ್ನನ್ನ ‘ಇವಳೇ’ ಅಂತಲೇ ಕರೀತಿರೋದು.” ಅಪ್ಪ ಎದ್ದು ನಿಂತು, ಫೋನಿಗೆ ಕೈ ಮುಗಿದು, “ಮುಗಿಲಂಚಿನ ಬೆಳ್ಳಿ, ಅಮ್ಮಾ” ಎಂದರು. “ಇನ್ನೊಂದು ಸಲ ಹೇಳಿ” ಎಂದರು ದೊಡ್ಡಮ್ಮನವರು.

ಇದಕ್ಕಿಂತ ದೊಡ್ಡ ಗಂಡಾಂತರ ಪ್ರೊಫೆಸರರ ರೂಪದಲ್ಲಿ ಬಂತು. ದೊಡ್ಡಮ್ಮನವರ ಅಣ್ಣ, ನಿವೃತ್ತ ಭಾಷಾ ಪಂಡಿತರು. ಝಿವೇಲಾ ಎಂಬ ಹೆಸರಿನ ಮೇಲೆ ಲೇಖನ ಬರೆಯುತ್ತೇನೆ ಎಂದು ನಮ್ಮ ಮನೆಯ ಮುರುಕು ಸೋಫಾದಲ್ಲಿ ಕೂತರು.

“ಅರ್ಥ ಸರಿ. ನನಗೂ ಅದು ಮೊದಲೇ ಅನ್ನಿಸಿತ್ತು” ಎಂದು ಶುರುಮಾಡಿದರು. “ಮೂಲ ಯಾವುದು ಅಂತೀರಿ?”

ಅಪ್ಪ ಬೆವರುತ್ತಿದ್ದರು. ಝಿವೇಲಾದ ಮೂಲ ಅವರಿಗೆ ಗೊತ್ತಿಲ್ಲ, ಇನ್ನೂರ ಹದಿನಾಲ್ಕರ ಮೂಲ ಗೊತ್ತು.

“ಮೂಲ ಬಿಳಿ ಸಾರ್. ಅದಕ್ಕೆ ಒಂದು ಪಾಲು ನೀಲಿ. ಆಮೇಲೆ ಸ್ವಲ್ಪವೇ ಸ್ವಲ್ಪ ಕಪ್ಪು, ಹನಿ ಲೆಕ್ಕ.”

“ಬಿಳಿ ಅಂದರೆ ಹಿಮ” ಎಂದರು ಪ್ರೊಫೆಸರು, ಕಣ್ಣು ಅರೆಮುಚ್ಚಿ. “ಹಿಮದ ನಾಡಿನಿಂದ ಹೊರಟಿದೆ. ನೀಲಿ ಅಂದರೆ ಕಡಲು. ಕಡಲು ದಾಟಿದೆ! ಆ ಕಪ್ಪು?”

“ಅದು ಜಾಸ್ತಿ ಆಗಬಾರದು ಸಾರ್, ಹಾಳಾಗುತ್ತೆ.”

“ಯುದ್ಧ!” ಎಂದು ಪ್ರೊಫೆಸರು ತೊಡೆ ತಟ್ಟಿದರು. “ಇತಿಹಾಸದ ಕತ್ತಲು. ಎಷ್ಟು ಸಂಕ್ಷಿಪ್ತವಾಗಿ ಹೇಳಿಬಿಟ್ರಿ! ಆಮೇಲೆ ಅದು ನಮ್ಮಲ್ಲಿ ಹೇಗೆ ನೆಲೆಯಾಯಿತು?”

“ಚೆನ್ನಾಗಿ ಕಲಸಿ ಒಂದು ದಿನ ಬಿಡಬೇಕು.”

ಪ್ರೊಫೆಸರು ಅಪ್ಪನ ಎರಡೂ ಕೈ ಹಿಡಿದು ಅಲುಗಾಡಿಸಿ ಹೋದರು. ಅಮ್ಮ ಅಡುಗೆಮನೆಯಿಂದ ಹೊರಬಂದು, “ರೀ, ನೀವು ಹೇಳಿದ್ದು ಬಣ್ಣದ ವಿಷಯ ಅಲ್ವಾ?” ಎಂದಳು. ಅಪ್ಪ ಹೌದೋ ಅಲ್ಲವೋ ತಿಳಿಯದೆ ತಲೆ ಕೆರೆದುಕೊಂಡರು. ಹೀಗೆ ಅಮ್ಮನಿಗೂ ಎಲ್ಲ ತಿಳಿಯಿತು. ಅವತ್ತಿಡೀ ಅವಳು ಪಾತ್ರೆಗಳ ಜೊತೆ ಮಾತ್ರ ಮಾತಾಡಿದಳು.

ಲೇಖನ ಪತ್ರಿಕೆಯಲ್ಲಿ ಬಂತು, ಪ್ರೊಫೆಸರರ ಭಾವಚಿತ್ರದ ಸಮೇತ. ಅದೇ ವಾರ ಮಗುವಿನ ಕೋಣೆಗೆ ಬಣ್ಣ ಹೊಡೆಸೋಣವೆಂದು ಚಿಕ್ಕ ಯಜಮಾನರು ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಕಂಪನಿಯ ಶೇಡ್ ಕಾರ್ಡನ್ನು ಬಿಡಿಸಿ ಓದಿದರು.

ಭಾನುವಾರ ಬೆಳಿಗ್ಗೆ ಮನೆಗೆ ಬರಬೇಕೆಂದು ಅಪ್ಪನಿಗೆ ಬುಲಾವು ಬಂತು.

“ನಾವೂ ಬರ್ತೀವಿ” ಎಂದಳು ಅಮ್ಮ. “ನಿಮ್ಮೊಬ್ಬರನ್ನೇ ಕಳಿಸಿದರೆ ಕಾವಲುಗಾರನ ಹೆಂಡತಿಗೂ ಒಂದು ಅರ್ಥ ಹೇಳಿ ಬರ್ತೀರಿ. ಈಗ ಕೇಳಿ, ಇದ್ದದ್ದನ್ನ ಇದ್ದ ಹಾಗೆ ಒಪ್ಪಿಕೊಂಡುಬಿಡಿ. ಕಾಲಿಗೆ ಬಿದ್ದರೂ ಪರವಾಗಿಲ್ಲ, ಕೆಲಸ ಉಳಿದರೆ ಸಾಕು.”

ಯಜಮಾನರ ಮನೆಯ ವರಾಂಡದಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಆ ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ನನ್ನ ತೋಳು ಹಿಡಿದಳು. ಅಪ್ಪ ಅಮ್ಮ ಆಗಲೇ ಒಳಗೆ ಹೋಗಿಯಾಗಿತ್ತು.

“ನಿಮ್ಮ ತಂದೆ ಒಪ್ಪಿಕೊಳ್ಳಬಾರದು, ಹೇಳಿ ಅವರಿಗೆ” ಎಂದಳು ಪಿಸುದನಿಯಲ್ಲಿ. “ಆ ಹೆಸರಿಗೆ ಅರ್ಥವೇ ಇಲ್ಲ ಕಣ್ರೀ. ಅತ್ತೆ ಅವರ ಅತ್ತೆ ಹೆಸರು ಇಡು ಅಂದರು. ನಮ್ಮಮ್ಮ ನಮ್ಮಜ್ಜಿ ಹೆಸರು ಇಡು ಅಂದಳು. ಇವರು ಸುಮ್ಮನೆ ಚಿಕ್ಕದಾಗಿ ಏನಾದರೂ ಇಡು ಅಂದರು. ಯಾರದ್ದೂ ಅಲ್ಲದ ಹೆಸರು ಒಂದು ಬೇಕು ಅಂತ ನಾನೇ ಅಕ್ಷರ ಜೋಡಿಸ್ತಾ ಕೂತೆ. ಅರ್ಥ ಕೇಳ್ತಾರೆ ಅಂತ ಹೊಳೀಲೇ ಇಲ್ಲ ನೋಡಿ! ಈಗ ಇದು ಸುಳ್ಳು ಅಂತಾದರೆ ನಾಳೆಯೇ ಹೆಸರು ಬದಲಾಯಿಸ್ತಾರೆ.”

ನಾನು ಒಳಗೆ ಓಡಿದೆ. “ಅಪ್ಪಾ” ಎಂದು ಕರೆದೆ. ನನ್ನ ದನಿ ಎಂದಿನಂತೆ ನನಗೇ ಸರಿಯಾಗಿ ಕೇಳಿಸಲಿಲ್ಲ.

ಮೇಜಿನ ಮೇಲೆ ಶೇಡ್ ಕಾರ್ಡ್ ಬಿಚ್ಚಿಕೊಂಡು ಬಿದ್ದಿತ್ತು. ಯಜಮಾನರು ಇನ್ನೂರ ಹದಿನಾಲ್ಕರ ಮೇಲೆ ಬೆರಳೂರಿದ್ದರು. ಒಂದು ಕಡೆ ದೊಡ್ಡಮ್ಮನವರು, ಇನ್ನೊಂದು ಕಡೆ ಪತ್ರಿಕೆ ಹಿಡಿದ ಪ್ರೊಫೆಸರು.

“ಏನ್ರೀ ಇದು? ನೀರ ಮೇಲೆ ಉಳಿದ ಬೆಳಕು. ಹೊರಗೋಡೆ, ಕಾಂಪೌಂಡು. ನೀರಲ್ಲಿ ತೊಳೆಯಬಹುದು ಅಂತ ಬೇರೆ ಇದೆ! ನನ್ನ ಮೊಮ್ಮಗಳನ್ನ ಊರಿನ ಕಾಂಪೌಂಡಿಗೆಲ್ಲ ಬಳಿದಿದ್ದೀರಲ್ರೀ!”

“ಅದಕ್ಕೇ ನಾನು ಹೇಳಿದ್ದು” ಎಂದರು ಚಿಕ್ಕ ಯಜಮಾನರು. “ಬರೀ ನಂಬರ್ ಇದ್ದಿದ್ದರೆ ಇದೆಲ್ಲ ರಗಳೆ ಇರುತ್ತಿರಲಿಲ್ಲ. ಈ ಹುದ್ದೆ ಇವತ್ತೇ ತೆಗೆಯೋಣ.”

ಅಮ್ಮ ಅಪ್ಪನ ಬೆನ್ನಿಗೆ ತಿವಿದಳು.

“ತಪ್ಪಾಯ್ತು ಸಾರ್” ಎಂದರು ಅಪ್ಪ. “ಅದು ಹೆಸರಿನ ಅರ್ಥ ಅಲ್ಲ. ಕಾರ್ಡಿನಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು.”

“ಅಲ್ಲ ಅಂದರೆ?” ಪ್ರೊಫೆಸರು ಎದ್ದು ನಿಂತರು. “ಅಲ್ಲ ಅನ್ನೋದಕ್ಕೆ ನೀವು ಯಾರ್ರೀ? ಇಲ್ಲಿ ಅಚ್ಚಾಗಿದೆ! ಹಿಮದ ನಾಡಿಂದ ಬಂದದ್ದು ಅಂತ ನಾನು ಮೂರು ಕಡೆ ಭಾಷಣ ಒಪ್ಪಿಕೊಂಡಿದ್ದೀನಿ. ನಿಮಗೆ ವಿನಯ ಜಾಸ್ತಿ, ಅದು ನಿಮ್ಮ ತೊಂದರೆ.”

“ವಿನಯ ಅಲ್ಲ ಸಾರ್, ನಿಜವಾಗ್ಲೂ...”

“ಅರ್ಥ ಅದೇ” ಎಂದಿತು ಬಾಗಿಲಿನಿಂದ ಒಂದು ದನಿ. ಸೊಸೆ. “ಹೆಸರಿಟ್ಟವಳು ನಾನು. ಅವರು ಹೇಳಿದ್ದು ಸರಿಯಾಗಿಯೇ ಇದೆ.”

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಪ್ಪ ಬೆಳಗಿದ ಮುಖ ಹೊತ್ತು ಅವಳತ್ತ ತಿರುಗಿ, ತುಂಬ ಕುತೂಹಲದಿಂದ ಕೇಳಿದರು.

“ಹೌದೇನಮ್ಮಾ? ನಿಜವಾಗ್ಲೂ ಅದೇ ಅರ್ಥಾನಾ?”

ಅಮ್ಮ ಕಣ್ಣು ಮುಚ್ಚಿಕೊಂಡಳು.

“ನೀವೇ ಹೇಳಿದ್ದಲ್ವಾ” ಎಂದಳು ಸೊಸೆ, ಹಲ್ಲು ಕಚ್ಚಿ.

“ನಾನು ಹೇಳಿದ್ದು ಹೌದು. ಆದರೆ...”

“ಒಂದು ನಿಮಿಷ” ಎಂದರು ದೊಡ್ಡಮ್ಮನವರು. ಕಾರ್ಡನ್ನು ತಮ್ಮತ್ತ ಎಳೆದುಕೊಂಡು ಹಾಳೆ ತಿರುಗಿಸತೊಡಗಿದ್ದರು. ಏನು ಹುಡುಕುತ್ತಿದ್ದಾರೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಹಾಳೆಯೊಂದರ ಮೇಲೆ ಅವರ ಕೈ ನಿಂತಿತು. ‘ಮುಗಿಲಂಚಿನ ಬೆಳ್ಳಿ. ಕಬ್ಬಿಣದ ಗೇಟು ಮತ್ತು ಗ್ರಿಲ್ಲುಗಳಿಗೆ.’

ಅವರು ನಿಧಾನವಾಗಿ ಕನ್ನಡಕ ತೆಗೆದರು. “ಗೇಟಿಗಾ?” ಎಂದರು.

ಅಪ್ಪನ ಕೆಲಸ ಹೋಯಿತು ಎಂದು ನಾನು ಅಂದುಕೊಂಡೆ. ಅಮ್ಮ ಹೊರಡಲು ಸೆರಗು ಸರಿಮಾಡಿಕೊಂಡಳು. ಅಪ್ಪ ಮಾತ್ರ, ತಮ್ಮ ಕಸುಬಿನ ಬಗ್ಗೆ ಯಾರೋ ತಿಳಿಯದವರು ಕೇಳಿದರೆಂಬಂತೆ, ಸಮಾಧಾನವಾಗಿ ಹೇಳಿದರು.

“ಗೇಟೇ ಅಲ್ವಾ ಅಮ್ಮಾ ಮೊದಲು ಕಾಣೋದು? ಮನೆ ಎಷ್ಟು ದೊಡ್ಡದಿದ್ದರೇನು, ಗೇಟು ನೋಡಿಯೇ ಜನ ಲೆಕ್ಕ ಹಾಕೋದು. ಅದಕ್ಕೆ ಹೆಸರಿಡೋಕೆ ನಾನು ಎರಡು ತಿಂಗಳು ತಗೊಂಡೆ.”

ದೊಡ್ಡಮ್ಮನವರು ಕನ್ನಡಕ ಮತ್ತೆ ಹಾಕಿಕೊಂಡರು. ಗಂಡನ ಕಡೆ ತಿರುಗಿದರು. “ಕೇಳಿಸ್ತಾ?” ಎಂದರು.

“ಏನು ಕೇಳಿಸಬೇಕಿತ್ತೇ ಇವಳೇ?”

“ನಿಮಗೆ ಕೇಳಿಸೋಲ್ಲ ಬಿಡಿ.” ಆಮೇಲೆ ಮಗನತ್ತ ಬೆರಳು ತೋರಿಸಿದರು. “ಕಾರ್ಡಿನಲ್ಲಿ ಹೆಸರುಗಳು ಹಾಗೇ ಇರಬೇಕು. ನಂಬರ್ ಗಿಂಬರ್ ಅಂದರೆ ನೋಡು.”

ಚಿಕ್ಕ ಯಜಮಾನರು ಸುಲಭಕ್ಕೆ ಬಿಡುವವರಲ್ಲ. “ಇರಲಮ್ಮ. ಆದರೆ ನನ್ನ ಮಗಳ ಅರ್ಥ ಕಾಂಪೌಂಡಿನ ಮೇಲೆ ಇರೋದು ಬೇಡ. ಇನ್ನೂರ ಹದಿನಾಲ್ಕಕ್ಕೆ ಬೇರೆ ಹೆಸರು ಕೊಡಲಿ. ಇಲ್ಲೇ, ಈಗಲೇ. ಯಾವ ಮನೆ ಹೆಂಗಸಿನ ಅರ್ಥವೂ ಆಗಿರಬಾರದು. ಕೊಟ್ಟರೆ ಕೆಲಸ ಇರಲಿ, ಇಲ್ಲದಿದ್ದರೆ ಇಲ್ಲ.”

“ಅದು ನ್ಯಾಯ” ಎಂದರು ಯಜಮಾನರು.

ಅಪ್ಪ ಕಾರ್ಡನ್ನು ನೋಡಿದರು. ಕಿಟಕಿ ನೋಡಿದರು. ಗೋಡೆ ನೋಡಿದರು. ಬೆಳಕು, ಮುಗಿಲು, ಮರಳು, ಮಣ್ಣು, ಎಲ್ಲ ಆಗಲೇ ಈ ಮನೆಗೂ ನಮ್ಮ ಕಟ್ಟಡಕ್ಕೂ ಹಂಚಿಹೋಗಿತ್ತು. ಹಣೆಯ ಬೆವರು ಮೂಗಿನ ತುದಿಗೆ ಬಂತು. ಸೊಸೆ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು. ಅಪ್ಪ ಆ ಚೌಕದ ಮೇಲೆ ಬೆರಳಿಟ್ಟರು.

“ಬೂದು” ಎಂದರು.

ಯಜಮಾನರು ಕಿವಿಗೆ ಕೈ ಹಚ್ಚಿದರು.

“ಏನಂದ್ರಿ?”

“ಬೂದು ಸಾರ್.”

“ಅದರ ಅರ್ಥ?” ಯಜಮಾನರು ಮುಂದಕ್ಕೆ ಬಾಗಿದರು.

“ಬೂದು.”

“ಮೂಲ?” ಪ್ರೊಫೆಸರು ಪೆನ್ನು ತೆಗೆದರು.

ಅಪ್ಪನಿಗೆ ಅಳು ಬರುವಂತಾಗಿತ್ತು. “ಅದೂ ಬೂದೇ ಸಾರ್. ಮೇಲೂ ಅದೇ, ಒಳಗೂ ಅದೇ. ಬೇರೇನೂ ಇಲ್ಲ.”

ಯಜಮಾನರು ನಿಧಾನವಾಗಿ ಕುರ್ಚಿಗೆ ಒರಗಿದರು. “ಮೇಲೂ ಅದೇ, ಒಳಗೂ ಅದೇ” ಎಂದು ಎರಡು ಸಲ ಹೇಳಿಕೊಂಡರು. “ಇಷ್ಟು ವರ್ಷ ಇಂಥದ್ದನ್ನ ಎಲ್ರೀ ಬಚ್ಚಿಟ್ಟಿದ್ರಿ?” ಪ್ರೊಫೆಸರು ಬರೆದುಕೊಂಡು, ಕೆಳಗೆ ಗೆರೆ ಎಳೆದರು. ಚಿಕ್ಕ ಯಜಮಾನರು ಏನೋ ಹೇಳಲು ಹೋಗಿ, ತಾಯಿಯ ಮುಖ ನೋಡಿ ನುಂಗಿಕೊಂಡರು. ಸೊಸೆ ಮಗುವಿನ ಹೊಟ್ಟೆಯಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಹೊರಗಿನವರಿಗೆ ಅದು ಮುದ್ದು ಮಾಡಿದಂತೆ ಕಾಣುತ್ತಿತ್ತು.

ಅಪ್ಪನ ಕೆಲಸ ಉಳಿಯಿತು. ಝಿವೇಲಾಳ ಹೆಸರೂ ಉಳಿಯಿತು.

ಮನೆಗೆ ಬರುವ ಬಸ್ಸಿನಲ್ಲಿ ಅಪ್ಪ ಅಮ್ಮ ಮುಂದಿನ ಸೀಟಿನಲ್ಲಿ, ನಾನು ಹಿಂದಿನದರಲ್ಲಿ. ಅಮ್ಮ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಬೈಗುಳ ಎಲ್ಲಿಂದ ಶುರುಮಾಡುವುದೆಂದು ಯೋಚಿಸುತ್ತಿದ್ದಾಳೆ ಎಂದುಕೊಂಡು ಅಪ್ಪ ಆದಷ್ಟು ಚಿಕ್ಕದಾಗಿ ಮುದುಡಿಕೊಂಡಿದ್ದರು.

“ಅಲ್ರೀ” ಎಂದಳು ಕೊನೆಗೆ, ಅತ್ತಲೇ ನೋಡುತ್ತ, ನಾನು ಮಾತಾಡುವಷ್ಟು ಸಣ್ಣ ದನಿಯಲ್ಲಿ. “ಊರವರಿಗೆಲ್ಲ ಹೇಳಿದ್ರಿ. ನನ್ನ ಹೆಸರಿಗೆ ಏನರ್ಥ?”

ಅಪ್ಪ ಮುಂದೆ ನೋಡಿದರು. ಹಿಂದೆ ತಿರುಗಿ ನನ್ನನ್ನು ನೋಡಿದರು. ಆಮೇಲೆ ಧಡಕ್ಕನೆ ಎದ್ದು ನಿಂತರು.

“ಏಳು ಏಳು, ನಮ್ಮ ಸ್ಟಾಪ್ ಬಂತು.”

ಬಂದಿರಲಿಲ್ಲ. ಇನ್ನೂ ಎಷ್ಟೋ ದೂರವಿತ್ತು. ಆದರೂ ಮೂವರೂ ಇಳಿದೆವು. ಬಿಸಿಲಲ್ಲಿ ಅಮ್ಮ ಮುಂದೆ, ಅಪ್ಪ ಅವಳ ಹಿಂದೆ, ನಾನು ಕೊನೆಗೆ, ದಾರಿಯುದ್ದಕ್ಕೂ ನಡೆದೆವು. ಅಪ್ಪ ಏನೋ ಗೊಣಗುತ್ತಿದ್ದರು, ಒಂದನ್ನು ಹೇಳಿ ನೋಡಿ, ತಲೆಯಾಡಿಸಿ ಬಿಟ್ಟು, ಇನ್ನೊಂದನ್ನು ಹೇಳಿ ನೋಡಿ. ಅಮ್ಮ ಒಮ್ಮೆಯೂ ತಿರುಗಿ ನೋಡಲಿಲ್ಲ. ಆದರೆ ಅವರಿಗೆ ಯೋಚಿಸಲು ಸಾಕಷ್ಟು ಹೊತ್ತು ಸಿಗಲಿ ಎಂಬಂತೆ, ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದಳು.